ಹಬ್ಬದ ವ್ಯಾಪಾರ: ಸಣ್ಣ ಅಂಗಡಿಗಳ ಸಿದ್ಧತೆ ಮತ್ತು ಲೆಕ್ಕಾಚಾರ

ಗೌರಿ-ಗಣೇಶ ಹಬ್ಬದಿಂದ ದೀಪಾವಳಿಯವರೆಗಿನ ಅವಧಿಯು ಬಟ್ಟೆ, ಪಾತ್ರೆ, ಗೃಹೋಪಯೋಗಿ ವಸ್ತು ಹಾಗೂ ಸಿಹಿತಿನಿಸುಗಳ ಚಿಲ್ಲರೆ ವರ್ತಕರಿಗೆ ವರ್ಷದ ಸುಗ್ಗಿಯ ಕಾಲ. ಈ ಕೆಲವು ವಾರಗಳ ವಹಿವಾಟೇ ಅನೇಕ ಅಂಗಡಿಗಳ ಇಡೀ ವರ್ಷದ ಲಾಭ-ನಷ್ಟವನ್ನು ನಿರ್ಧರಿಸುತ್ತದೆ. 2014ರಲ್ಲಿ ಫ್ಲಿಪ್‌ಕಾರ್ಟ್ ಸಂಸ್ಥೆಯು ‘ಬಿಗ್ ಬಿಲಿಯನ್’ ಮಾರಾಟವನ್ನು ಆರಂಭಿಸಿದ ನಂತರ ಆನ್‌ಲೈನ್ ಮಾರಾಟಗಾರರೂ ಇದೇ ಅವಧಿಯ ಮೇಲೆ ಕಣ್ಣಿಟ್ಟಿದ್ದಾರೆ. ದೊಡ್ಡ ಬಂಡವಾಳದವರೊಡನೆ ಬೆಲೆಯೊಂದರಲ್ಲೇ ಪೈಪೋಟಿಗಿಳಿದ ಸಣ್ಣ ಅಂಗಡಿಗೆ ಗೆಲುವು ಕಷ್ಟಸಾಧ್ಯ. ಆದರೆ ಗ್ರಾಹಕನು ಬಯಸುವುದು ಬೆಲೆಯ ಇಳಿಕೆಯನ್ನು ಮಾತ್ರವಲ್ಲ. ಈ ಹಿನ್ನೆಲೆಯಲ್ಲಿ ವರ್ತಕರು ಗಮನಿಸಬೇಕಾದ ಕೆಲವು ಅಂಶಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

1. ಪಂಚಾಂಗಕ್ಕೆ ಅನುಗುಣವಾದ ದಾಸ್ತಾನು

ಕಳೆದ ವರ್ಷ ಅಕ್ಟೋಬರ್ ತಿಂಗಳಲ್ಲಿ ಎಷ್ಟು ಮಾರಾಟವಾಯಿತೆಂಬುದನ್ನು ನೋಡಿ ಈ ವರ್ಷದ ಅಕ್ಟೋಬರ್‌ಗೆ ಸರಕು ತರಿಸುವುದು ಸಾಮಾನ್ಯ ರೂಢಿ. ನಮ್ಮ ಹಬ್ಬಗಳು ಚಾಂದ್ರಮಾನವನ್ನು ಅನುಸರಿಸುವುದರಿಂದ ಈ ಹೋಲಿಕೆ ದಾರಿತಪ್ಪಿಸುತ್ತದೆ. 2022ರಲ್ಲಿ ವಿಜಯದಶಮಿಯು ಅಕ್ಟೋಬರ್ 5ರಂದು, ದೀಪಾವಳಿಯು ಅಕ್ಟೋಬರ್ 24ರಂದು ಬಂದವು. 2023ರಲ್ಲಿ ಅಧಿಕ ಶ್ರಾವಣ ಮಾಸವಿದ್ದ ಕಾರಣ ವಿಜಯದಶಮಿ ಅಕ್ಟೋಬರ್ 24ಕ್ಕೂ, ದೀಪಾವಳಿ ನವೆಂಬರ್ 12ಕ್ಕೂ ಸರಿದವು. 2022ರ ಅಕ್ಟೋಬರ್‌ನಲ್ಲಿ ಎರಡು ಹಬ್ಬಗಳ ವ್ಯಾಪಾರವಿದ್ದರೆ 2023ರ ಅಕ್ಟೋಬರ್‌ನಲ್ಲಿ ಇದ್ದುದು ಮುಖ್ಯವಾಗಿ ದಸರೆಯದು. ಆದ್ದರಿಂದ ಹಳೆಯ ಲೆಕ್ಕಪುಸ್ತಕವನ್ನು ತಾರೀಖಿನ ಬದಲು ‘ಹಬ್ಬಕ್ಕೆ ಎಷ್ಟು ದಿನ ಮೊದಲು’ ಎಂಬ ಕ್ರಮದಲ್ಲಿ ಓದಬೇಕು. ಹಬ್ಬಕ್ಕೆ ಮೂರು ವಾರ ಮೊದಲು ಯಾವ ಸರಕು ಹೋಯಿತು, ಕೊನೆಯ ಮೂರು ದಿನಗಳಲ್ಲಿ ಯಾವುದು ಹೋಯಿತು, ಯಾವುದು ಉಳಿಯಿತು ಎಂಬ ಮೂರು ಪಟ್ಟಿಗಳು ದೊರೆತರೆ ಖರೀದಿಯ ಅರ್ಧ ಕೆಲಸ ಮುಗಿದಂತೆಯೇ.

ಪ್ರತಿ ಹಬ್ಬದ ಬೇಡಿಕೆಯೂ ಬೇರೆ. ಹಳೆಯ ಮೈಸೂರು ಭಾಗದಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಿಗೆ ಬೇಕಾದ ಸಾಮಗ್ರಿಗಳು ಹಬ್ಬದ ಮೊದಲ ದಿನಕ್ಕೆ ಮುಂಚೆಯೇ ಮಾರಾಟವಾಗಬೇಕು. ಆಯುಧಪೂಜೆಯ ಗ್ರಾಹಕರಲ್ಲಿ ಕಾರ್ಖಾನೆ, ಗ್ಯಾರೇಜು ಮತ್ತು ಕಚೇರಿಗಳೂ ಸೇರಿರುವುದರಿಂದ ಅಲ್ಲಿ ದೊರೆಯುವುದು ಸಗಟು ಬೇಡಿಕೆ. ಉತ್ತರ ಕರ್ನಾಟಕದಲ್ಲಿ ದೀಪಾವಳಿಯ ಅಮಾವಾಸ್ಯೆಯಂದು ಅಂಗಡಿಗಳಲ್ಲೇ ಲಕ್ಷ್ಮೀಪೂಜೆ ನಡೆಯುತ್ತದೆ; ಹಳೆಯ ಗಿರಾಕಿಗಳನ್ನು ಆಹ್ವಾನಿಸಿ ಗೌರವಿಸಲು ಇದಕ್ಕಿಂತ ಉತ್ತಮ ಸಂದರ್ಭವಿಲ್ಲ.

2. ರಿಯಾಯಿತಿಯ ನಿಜವಾದ ಬೆಲೆ

ರಿಯಾಯಿತಿ ಘೋಷಿಸುವ ಮುನ್ನ ಅದರ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡುವುದು ಅವಶ್ಯಕ. ಅಸಲು 80 ರೂಪಾಯಿ, ಮಾರಾಟ ಬೆಲೆ 100 ರೂಪಾಯಿ ಇರುವ ವಸ್ತುವಿನಲ್ಲಿ ವರ್ತಕನಿಗೆ ಉಳಿಯುವುದು 20 ರೂಪಾಯಿ. ಶೇ. 5 ರಿಯಾಯಿತಿ ನೀಡಿದರೆ ಉಳಿಯುವುದು 15 ರೂಪಾಯಿ. ಮೊದಲಿನಷ್ಟೇ ಲಾಭ ಬರಬೇಕಾದರೆ 100 ವಸ್ತು ಮಾರುತ್ತಿದ್ದಲ್ಲಿ 134 ಮಾರಬೇಕು. ಶೇ. 10 ನೀಡಿದರೆ 200, ಶೇ. 15 ನೀಡಿದರೆ 400 ಮಾರಬೇಕು. ‘ನಾಲ್ಕು ಕೊಂಡರೆ ಒಂದು ಉಚಿತ’ ಎಂಬ ಫಲಕವು ಇದೇ ವಸ್ತುವಿನ ಮೇಲೆ ಶೇ. 20 ರಿಯಾಯಿತಿಗೆ ಸಮ: ಐದರ ಅಸಲು 400, ಬರುವ ಹಣವೂ 400. ಬಾಡಿಗೆ, ವಿದ್ಯುತ್ತು, ಸಂಬಳಗಳು ಕೈಯಿಂದ ಹೋಗುತ್ತವೆ. ಅಂಗಡಿ ತುಂಬ ಜನರಿದ್ದೂ ಹಬ್ಬ ಕಳೆದ ಮೇಲೆ ಗಲ್ಲಾಪೆಟ್ಟಿಗೆ ಬರಿದಾಗಿರುವುದಕ್ಕೆ ಹಲವೆಡೆ ಇದೇ ಕಾರಣ.

ಇದಕ್ಕೆ ಬದಲಾಗಿ ಬಿಲ್ಲಿನ ಮೊತ್ತಕ್ಕೆ ಉಡುಗೊರೆಯನ್ನು ಜೋಡಿಸುವ ಕ್ರಮವನ್ನು ಪರಿಶೀಲಿಸಬಹುದು. ಸರಾಸರಿ ಬಿಲ್ಲು 700 ರೂಪಾಯಿ ಇರುವ ಅಂಗಡಿಯು 1,000 ರೂಪಾಯಿ ಮೀರಿದ ಖರೀದಿಗೆ 30 ರೂಪಾಯಿ ಅಸಲಿನ ಉಡುಗೊರೆ ನೀಡಿದರೆ, ಹೆಚ್ಚುವರಿ 300 ರೂಪಾಯಿ ಮಾರಾಟದಿಂದ ಬರುವ 60 ರೂಪಾಯಿಯಲ್ಲಿ ಅರ್ಧ ಉಳಿಯುತ್ತದೆ. ಅದೇ ಬಿಲ್ಲಿಗೆ ಶೇ. 10 ರಿಯಾಯಿತಿ ಎಂದರೆ 100 ರೂಪಾಯಿಯ ಹೊರೆ. ಮಿತಿಯು ಮಾತ್ರ ವಾಡಿಕೆಯ ಬಿಲ್ಲಿಗಿಂತ ಮೇಲಿರಬೇಕು. ಇಲ್ಲವಾದರೆ ಹೇಗಿದ್ದರೂ ಕೊಳ್ಳುತ್ತಿದ್ದವರಿಗೇ ಉಡುಗೊರೆ ಹಂಚಿದಂತಾಗುತ್ತದೆ.

ಸಿದ್ಧ ಉಡುಪುಗಳ ವರ್ತಕರಿಗೆ ಇನ್ನೊಂದು ವಿಷಯ ಮುಖ್ಯ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಂತೆ ಮಾರಾಟ ಮೌಲ್ಯ 2,500 ರೂಪಾಯಿವರೆಗಿನ ಉಡುಪಿಗೆ ಶೇ. 5, ಅದಕ್ಕಿಂತ ಹೆಚ್ಚಿನದಕ್ಕೆ ಶೇ. 18 ತೆರಿಗೆ. 2,600 ರೂಪಾಯಿಯ ಉಡುಪಿಗೆ ಗ್ರಾಹಕನು ತೆರಿಗೆ ಸೇರಿ 3,068 ರೂಪಾಯಿ ಕೊಡಬೇಕು. 2,500ಕ್ಕೆ ಇಳಿಸಿದರೆ 2,625 ಸಾಕು. ವರ್ತಕನು ಬಿಟ್ಟುಕೊಡುವುದು 100 ರೂಪಾಯಿ, ಗ್ರಾಹಕನಿಗೆ ಉಳಿಯುವುದು 443 ರೂಪಾಯಿ. ಹೀಗೆ ಮಿತಿಯ ಸ್ವಲ್ಪವೇ ಮೇಲಿರುವ ಸರಕನ್ನು ಗುರುತಿಸಿ, ರಿಯಾಯಿತಿಯನ್ನು ಬಿಲ್ಲಿನಲ್ಲಿಯೇ ನಮೂದಿಸಿ ಮಾರುವುದು ಲಾಭದಾಯಕ.

3. ಸಣ್ಣ ಅಂಗಡಿಯ ಸ್ವಂತ ಬಲ

ಮುಟ್ಟಿ ನೋಡುವ ಅವಕಾಶ, ಕೂಡಲೇ ಕೈಗೆ ಸಿಗುವ ಸರಕು, ಹೊಂದದಿದ್ದರೆ ಬದಲಿಸಿಕೊಡುವ ಭರವಸೆ, ಪರಿಚಯದ ಮುಖ - ಇವು ನೆರೆಹೊರೆಯ ಅಂಗಡಿಯ ಬಂಡವಾಳ. ಸೀರೆ ಮಾರುವವರು ಸಮೀಪದ ದರ್ಜಿಯೊಡನೆ ಮಾತಾಡಿಕೊಂಡು, ನಿಗದಿತ ದಿನದೊಳಗೆ ಕೊಂಡವರಿಗೆ ಹಬ್ಬದ ವೇಳೆಗೆ ರವಿಕೆ ಹೊಲಿಸಿಕೊಡುವುದಾಗಿ ತಿಳಿಸಿದರೆ ಗ್ರಾಹಕರು ಮುಂಚಿತವಾಗಿ ಬರುತ್ತಾರೆ. ಕೊನೆಯ ದಿನಗಳ ನೂಕುನುಗ್ಗಲೂ ತಗ್ಗುತ್ತದೆ. ಪಾತ್ರೆ ಅಂಗಡಿಯವರು ಹೆಸರು ಕೆತ್ತಿಸಿಕೊಡುವುದು, ದಿನಸಿ ವರ್ತಕರು ಪೂಜಾ ಸಾಮಗ್ರಿಯನ್ನೆಲ್ಲ ಒಂದೇ ಚೀಲದಲ್ಲಿ ಜೋಡಿಸಿಡುವುದು ಇದೇ ಬಗೆಯ ಸೇವೆಗಳು. ಬೀದಿಯ ಎಲ್ಲ ಅಂಗಡಿಗಳೂ ಸೇರಿ ದೀಪಾಲಂಕಾರ, ವಾಹನ ನಿಲುಗಡೆ ಮತ್ತು ಕರಪತ್ರದ ವೆಚ್ಚವನ್ನು ಹಂಚಿಕೊಂಡರೆ ಒಬ್ಬೊಬ್ಬರ ಪಾಲು ಅಲ್ಪ, ಪ್ರಯೋಜನ ಎಲ್ಲರದು.

ಸ್ಥಳೀಯ ತಯಾರಕರೊಡನೆ ನೇರ ಸಂಬಂಧವೂ ಆಕರ್ಷಣೆಯೇ. ಚನ್ನಪಟ್ಟಣದ ಆಟಿಕೆ, ಕಿನ್ನಾಳದ ಗೊಂಬೆ, ಇಳಕಲ್ ಸೀರೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ನಿಜವಾದ ಸರಕನ್ನು ತರಿಸಿ, ಅದರ ಮೂಲವನ್ನು ಚಿಕ್ಕ ಫಲಕದಲ್ಲಿ ತಿಳಿಸಿದರೆ ಗ್ರಾಹಕನು ಬೆಲೆಯ ಹೋಲಿಕೆಗೆ ಹೋಗುವುದು ಕಡಿಮೆ. ಆದರೆ ಸಣ್ಣ ತಯಾರಕರಿಗೆ ಆದೇಶವನ್ನು ಬೇಗ ನೀಡಬೇಕು, ಹಣವನ್ನೂ ಸಕಾಲದಲ್ಲಿ ಪಾವತಿಸಬೇಕು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆಯ ಪ್ರಕಾರ ಒಪ್ಪಂದವಿದ್ದರೂ ಪಾವತಿಯ ಗಡುವು 45 ದಿನಗಳನ್ನು ಮೀರುವಂತಿಲ್ಲ. ಗಣೇಶನ ಹಬ್ಬಕ್ಕೆ ತಂದ ಸರಕಿನ ಹಣವನ್ನು ದೀಪಾವಳಿ ಕಳೆದ ಮೇಲೆ ಕೊಡುವ ವಾಡಿಕೆ ಇದಕ್ಕೆ ಹೊಂದುವುದಿಲ್ಲ.

4. ಕಾನೂನಿನ ಎಚ್ಚರ

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಕೊಡುವ ಉದ್ದೇಶವಿಲ್ಲದೆ ಉಡುಗೊರೆ ಘೋಷಿಸುವುದನ್ನು, ಮಾರಾಟ ಹೆಚ್ಚಿಸಲು ಲಾಟರಿ ಮತ್ತು ಅದೃಷ್ಟದಾಟಗಳನ್ನು ನಡೆಸುವುದನ್ನು ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿದೆ. ಆದ್ದರಿಂದ ‘ಲಕ್ಕಿ ಡ್ರಾ’ ಏರ್ಪಡಿಸುವ ಮುನ್ನ ತಜ್ಞರ ಸಲಹೆ ಪಡೆಯುವುದು ಕ್ಷೇಮ. ಬಿಲ್ಲು ನೀಡದಿರುವುದೂ ಇದೇ ಸಾಲಿಗೆ ಸೇರುತ್ತದೆ. ‘ಮಾರಿದ ಸರಕು ವಾಪಸಿಲ್ಲ’ ಎಂಬ ಫಲಕವನ್ನು ನಂಬಿ ದೋಷವುಳ್ಳ ವಸ್ತುವನ್ನು ನಿರಾಕರಿಸುವುದು ಅಪಾಯಕರ. ಉಚಿತ ಉಡುಗೊರೆಯ ಖರೀದಿಗೆ ತೆತ್ತ ಜಿಎಸ್‌ಟಿಗೆ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲವೆಂಬುದನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

5. ಹಬ್ಬದ ನಂತರ

ಹಬ್ಬದಲ್ಲಿ ಬಂದ ಹೊಸ ಗ್ರಾಹಕನು ಸಂಕ್ರಾಂತಿಗೂ ಯುಗಾದಿಗೂ ಮರಳಿ ಬಂದರೆ ಮಾತ್ರ ರಿಯಾಯಿತಿಗೆ ಮಾಡಿದ ವೆಚ್ಚ ಸಾರ್ಥಕ. ಒಪ್ಪಿಗೆ ಪಡೆದು ಅವರ ದೂರವಾಣಿ ಸಂಖ್ಯೆಯನ್ನು ಬರೆದಿಟ್ಟುಕೊಂಡು, ವರ್ಷಕ್ಕೆ ಎರಡು-ಮೂರು ಬಾರಿ ಉಪಯುಕ್ತ ಸಂದೇಶ ಕಳುಹಿಸಿದರೆ ಸಾಕು. ದೀಪಾವಳಿ ಮುಗಿದ ವಾರದಲ್ಲೇ ಉಳಿದ ಸರಕಿನ ಎಣಿಕೆ, ಕೇಳಿಯೂ ಸಿಗದೆ ಗ್ರಾಹಕರು ಹಿಂದಿರುಗಿದ ವಸ್ತುಗಳ ಪಟ್ಟಿ, ರಿಯಾಯಿತಿ ಕಳೆದು ಉಳಿದ ಲಾಭ - ಈ ಮೂರನ್ನೂ ದಾಖಲಿಸಿಡಬೇಕು. ಮುಂದಿನ ವರ್ಷದ ಹಬ್ಬದ ವ್ಯಾಪಾರಕ್ಕೆ ಈ ದಾಖಲೆಯೇ ಮೊದಲ ಬಂಡವಾಳ.