ಅಂಕಪಟ್ಟಿಗೂ ಮೊದಲು ಹಾಜರಿ ಪುಸ್ತಕ

ಹಾನಗಲ್ ಕಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಅಂಕ ನೋಡಿ ‘ಈ ಶಾಲೆ ದಂಡ’ ಎನ್ನುವ ಮೊದಲು, ಅಲ್ಲಿ ಕೂತವರು ಯಾರೆಂದು ನೋಡಿ. ಅನುಕೂಲಸ್ಥರ ಮಕ್ಕಳು ಖಾಸಗಿ ಶಾಲೆಯ ವ್ಯಾನು ಹತ್ತಿದ ಮೇಲೆ ಉಳಿಯುವವರು ಬಹುಪಾಲು ಕೂಲಿಕಾರರ, ಸಣ್ಣ ರೈತರ ಮಕ್ಕಳು. ಗೋವಿನಜೋಳದ ಸುಗ್ಗಿಯಲ್ಲಿ ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲೇ ನಿಲ್ಲುವವರೂ ಅವರೇ. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಹುಡುಗಿ ಭಾಗಾಕಾರ ಸರಿಯಾಗಿಯೇ ಮಾಡಿ, ಅದೇ ಲೆಕ್ಕ ಕನ್ನಡದ ಉದ್ದ ವಾಕ್ಯವಾಗಿ ಬಂದಾಗ ತಡವರಿಸಬಹುದು. ಸೋತದ್ದು ಗಣಿತವೋ ಭಾಷೆಯೋ, ಅಂಕಪಟ್ಟಿ ಹೇಳುವುದಿಲ್ಲ.

ಇದೆಲ್ಲ ಮಾಸ್ತರರಿಗೆ ನೆಪವಾಗದೇ? ಆದೀತು, ನಾವು ಅಲ್ಲಿಗೇ ಬಿಟ್ಟರೆ. ಆದ್ದರಿಂದ ಶಾಲೆಗೆ ಶಾಲೆಯನ್ನಲ್ಲ, ಅದೇ ಮಗುವಿನ ಜೂನ್ ತಿಂಗಳ ಓದಿಗೆ ಮಾರ್ಚ್ ತಿಂಗಳ ಓದನ್ನು ಹೋಲಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಪಾಲಕರದೇ. ಮುಂದಿನ ಸಭೆಯಲ್ಲಿ ಬಣ್ಣ, ಕಾಂಪೌಂಡಿನ ಮಾತು ಆಮೇಲಿರಲಿ. ಯಾವ ತಿಂಗಳು ಯಾರು ಗೈರು, ಯಾಕೆ ಎಂದು ಮೊದಲು ಕೇಳಿ.