ಹಳೆಯ ಕನ್ವರ್ಟಿಬಲ್ ಕಾರು: ಮಲೆನಾಡಿನ ಖರೀದಿದಾರ ಕಟ್ಟಬೇಕಾದ ಲೆಕ್ಕ

ಹೊಸದಾಗಿದ್ದಾಗ ಎಪ್ಪತ್ತು ಲಕ್ಷ ರೂಪಾಯಿ ಬೆಲೆ ಬಾಳಿದ, ಮೇಲ್ಛಾವಣಿ ಮಡಚಿಕೊಳ್ಳುವ ಎರಡು ಆಸನದ ಐಷಾರಾಮಿ ಕಾರೊಂದು ಹತ್ತು ವರ್ಷಗಳ ತರುವಾಯ ಅದರ ಮೂರನೆಯ ಒಂದು ಭಾಗದ ಬೆಲೆಗೆ ಬೆಂಗಳೂರಿನ ಮಾರುಕಟ್ಟೆಯಲ್ಲಿ ಮಾರಾಟಕ್ಕೆ ನಿಲ್ಲುವುದು ಅಪರೂಪವೇನಲ್ಲ. ಅಡಿಕೆ ಧಾರಣೆ ಕೈಹಿಡಿದ ವರ್ಷದಲ್ಲಿ ಶಿವಮೊಗ್ಗದ ವರ್ತಕರಿಗಾಗಲಿ, ಭದ್ರಾವತಿಯ ಫೌಂಡ್ರಿ ಮಾಲೀಕರಿಗಾಗಲಿ ಅದು ಎಟುಕುವ ವಸ್ತುವಾಗಿ ಕಾಣುವುದು ಸಹಜ. ಆದರೆ ಆ ಬೆಲೆ ಬೆಂಗಳೂರಿನಲ್ಲಿ ನಿಂತಿರುವ ಕಾರಿನ ಬೆಲೆ ಮಾತ್ರ. ಅದೇ ಕಾರು ಕೆಎ-14 ಸಂಖ್ಯೆ ಪಡೆದು, ಒಂದು ಮಳೆಗಾಲವನ್ನು ಇಲ್ಲಿ ಕಳೆದು, ಒಮ್ಮೆ ದುರಸ್ತಿಗೆ ಹೋಗಿ ಬರುವಷ್ಟರಲ್ಲಿ ತಗಲುವ ವೆಚ್ಚ ಬೇರೆಯೇ ಆಗಿರುತ್ತದೆ. ಮುಂಗಡ ಕೊಡುವ ಮೊದಲೇ ಆ ಎರಡನೆಯ ಲೆಕ್ಕವನ್ನು ಕಟ್ಟಬಲ್ಲವರಿಗೆ ಮಾತ್ರ ಈ ಖರೀದಿ ಲಾಭದ್ದು.

ನೀರಿನ ಪರೀಕ್ಷೆ

ಶಿವಮೊಗ್ಗ ಜಿಲ್ಲೆಯಲ್ಲಿರುವ ಆಗುಂಬೆಯ ವಾರ್ಷಿಕ ಮಳೆಯ ಸರಾಸರಿ 7,000 ಮಿಲಿಮೀಟರಿಗೂ ಅಧಿಕ. ಶಿವಮೊಗ್ಗ ನಗರದಲ್ಲಿ ಮಳೆ ಅದಕ್ಕಿಂತ ಬಹಳ ಕಡಿಮೆ, ಭದ್ರಾವತಿಯಂತೂ ಅರೆಮಲೆನಾಡು. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ಎರಡೂ ಊರುಗಳಲ್ಲಿ ಸಮಾನವಾಗಿ ಕಾಡುತ್ತದೆ, ಮತ್ತು ಕನ್ವರ್ಟಿಬಲ್ ಕಾರಿನ ಮೊದಲ ಶತ್ರು ಈ ತೇವವೇ.

ಸಾಮಾನ್ಯ ಕಾರಿನ ಮೇಲೆ ಬಿದ್ದ ನೀರು ಜಾರಿ ಹೋಗುತ್ತದೆ. ಕನ್ವರ್ಟಿಬಲ್‌ನಲ್ಲಿ ಮೇಲ್ಛಾವಣಿಯ ಅಂಚಿನಿಂದ ಇಳಿಯುವ ನೀರಿಗೆ ಸಣ್ಣ ಕಾಲುವೆಗಳನ್ನೂ, ಅವುಗಳಿಂದ ಕಾರಿನ ತಳಕ್ಕೆ ಇಳಿಯುವ ಕೊಳವೆಗಳನ್ನೂ ಮಾಡಿರುತ್ತಾರೆ. ಹೊಂಗೆ, ಗುಲ್‌ಮೊಹರ್ ಮರಗಳ ಕೆಳಗೆ ನಿಂತ ಕಾರಿನಲ್ಲಿ ಉದುರೆಲೆ ಮತ್ತು ಮಣ್ಣು ಸೇರಿ ಈ ಕೊಳವೆಗಳು ಮುಚ್ಚಿಕೊಳ್ಳುತ್ತವೆ. ನೀರು ಒಳಕ್ಕೆ ತಿರುಗುತ್ತದೆ. ಬಟ್ಟೆಯ ಛಾವಣಿಯಿದ್ದ ಮೊದಲ ತಲೆಮಾರಿನ ಬಿಎಂಡಬ್ಲ್ಯು ಜೆಡ್4 (2002ರಿಂದ 2008) ಕಾರಿನಲ್ಲಿ ಛಾವಣಿಯನ್ನು ಎತ್ತಿ ಇಳಿಸುವ ಹೈಡ್ರಾಲಿಕ್ ಮೋಟಾರನ್ನು ನೀರು ನಿಲ್ಲಬಹುದಾದ ತಗ್ಗಿನಲ್ಲಿಯೇ ಕೂರಿಸಲಾಗಿತ್ತು. ಕೊಳವೆ ಮುಚ್ಚಿದರೆ ಮೋಟಾರು ಮುಳುಗಿ ಸುಟ್ಟುಹೋಗುವುದು ಆ ಮಾದರಿಯ ಪ್ರಸಿದ್ಧ ದೋಷ. ಮೊದಲ ತಲೆಮಾರಿನ ಪೋರ್ಷೆ ಬಾಕ್ಸ್‌ಸ್ಟರ್‌ನಲ್ಲಿ ಇದೇ ಕಾರಣಕ್ಕೆ ಆಸನದ ಅಡಿಯಲ್ಲಿರುವ ವಿದ್ಯುನ್ಮಾನ ಘಟಕ ನೆನೆದು, ಕೀಲಿಯನ್ನೇ ಗುರುತಿಸದೆ ಕಾರು ನಿಂತುಬಿಡುವುದುಂಟು.

ಆದ್ದರಿಂದ ಇಂತಹ ಕಾರನ್ನು ನೋಡಲು ಯೋಗ್ಯವಾದ ಕಾಲ ಏಪ್ರಿಲ್ ಅಲ್ಲ, ಜುಲೈ. ಬೇಸಿಗೆಯಲ್ಲಿ ಸೋರುವ ಛಾವಣಿಯೇ ಇಲ್ಲ. ಮಳೆಗಾಲದವರೆಗೆ ಕಾಯಲು ಸಾಧ್ಯವಿಲ್ಲದಿದ್ದರೆ ಮಾರಾಟಗಾರರ ಒಪ್ಪಿಗೆ ಪಡೆದು, ಛಾವಣಿ ಮುಚ್ಚಿದ ಕಾರಿನ ಮೇಲೆ ಹದಿನೈದು ನಿಮಿಷ ತೋಟದ ಪೈಪಿನಿಂದ ನೀರು ಹರಿಸಿ ನೋಡಬೇಕು. ಬಳಿಕ ನೆಲಹಾಸನ್ನು ಎತ್ತಿ ಅದರ ಅಡಿಯ ಸ್ಪಂಜನ್ನು ಕೈಯಿಂದ ಒತ್ತಿ ನೋಡುವುದು, ಡಿಕ್ಕಿಯ ತಗ್ಗಿನಲ್ಲಿ ನೀರಿನ ಗುರುತಿದೆಯೇ ಎಂದು ಪರಿಶೀಲಿಸುವುದು, ಬೂಷ್ಟಿನ ವಾಸನೆಯನ್ನು ಗಮನಿಸುವುದು ಅವಶ್ಯ. ಒಳಗೆ ಸುಗಂಧದ ಡಬ್ಬಿ ಅತಿಯಾಗಿ ಘಮಘಮಿಸುತ್ತಿದ್ದರೆ ಅದೂ ಒಂದು ಸೂಚನೆಯೇ.

ಛಾವಣಿಯನ್ನು ಒಮ್ಮೆ ತೆರೆದು ತೋರಿಸಿದರೆ ಸಾಲದು. ತಣ್ಣಗಿದ್ದಾಗ ಒಮ್ಮೆ, ಅರ್ಧ ಗಂಟೆ ಓಡಿಸಿದ ಮೇಲೆ ಎರಡು ಬಾರಿ ತೆರೆದು ಮುಚ್ಚಬೇಕು. ಎರಡನೆಯ ತಲೆಮಾರಿನ ಜೆಡ್4 ಹಾಗೂ ಮರ್ಸಿಡಿಸ್ ಎಸ್‌ಎಲ್‌ಕೆ ಕಾರುಗಳ ಗಟ್ಟಿ ಛಾವಣಿ ಸುಮಾರು ಇಪ್ಪತ್ತು ಸೆಕೆಂಡುಗಳಲ್ಲಿ ಮಡಚಿಕೊಂಡು ಡಿಕ್ಕಿಯೊಳಗೆ ಸೇರುತ್ತದೆ. ನಡುವೆ ತಡವರಿಸಿದರೆ, ಒಂದು ಪಕ್ಕ ಹಿಂದೆ ಬಿದ್ದರೆ, ಸಂಧಿಗಳಲ್ಲಿ ಎಣ್ಣೆಯ ಜಿಡ್ಡು ಕಂಡರೆ ಹೈಡ್ರಾಲಿಕ್ ಸಿಲಿಂಡರಿನ ಸೀಲುಗಳು ಸವೆದಿವೆ ಎಂದೇ ಅರ್ಥ. ಮಾರಾಟಗಾರರು ಇದನ್ನು ಸಣ್ಣ ಸೆನ್ಸರಿನ ತೊಂದರೆ ಎನ್ನುವುದು ರೂಢಿ. ಹಾಗಿದ್ದರೆ ಅದನ್ನು ಸರಿಪಡಿಸಿಯೇ ಮಾರಬಹುದಿತ್ತಲ್ಲವೇ ಎಂಬುದೇ ಅದಕ್ಕೆ ಉತ್ತರ.

ಗಟ್ಟಿ ಛಾವಣಿಯೋ ಬಟ್ಟೆಯ ಛಾವಣಿಯೋ ಎಂಬ ಪ್ರಶ್ನೆಗೆ ಈ ಭಾಗದ ಹವೆಯೇ ಉತ್ತರ ಹೇಳುತ್ತದೆ. ಬಟ್ಟೆಯ ಛಾವಣಿ ಹಗುರ, ಯಂತ್ರ ಸರಳ. ಆದರೆ ಅದಕ್ಕೆ ಬೂಷ್ಟು ಹಿಡಿಯುತ್ತದೆ, ಒದ್ದೆಯಿರುವಾಗ ಮಡಚುವಂತಿಲ್ಲ, ಸರ್ವಿಸ್ ಸ್ಟೇಷನ್ನಿನ ರಭಸದ ನೀರನ್ನು ಹೊಲಿಗೆಯ ಮೇಲೆ ಬಿಡುವಂತಿಲ್ಲ. ಮುಚ್ಚಿದ ಶೆಡ್ ಇಲ್ಲದ ಮನೆಗೆ ಬಟ್ಟೆಯ ಛಾವಣಿಯ ಕಾರು ತರುವುದು ವಿವೇಕವಲ್ಲ. ಶೆಡ್ ಇದ್ದರೂ ಅದು ಗೋದಾಮಿಗೆ ಅಂಟಿಕೊಂಡಿದ್ದರೆ ಇಲಿಗಳ ವಿಚಾರವನ್ನು ಮರೆಯಬಾರದು. ವಾರಗಟ್ಟಲೆ ನಿಂತ ಕಾರಿನ ವೈರುಗಳು ಅವುಗಳಿಗೆ ಬಹಳ ಪ್ರಿಯ.

ಮತ್ತೊಂದು ಬಗೆಯ ನೀರೂ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳು ಜಲಾವೃತವಾದಾಗ ಅನೇಕ ಐಷಾರಾಮಿ ಕಾರುಗಳು ಮುಳುಗಿದವು. ಇಂತಹ ಸಂದರ್ಭಗಳಲ್ಲಿ ವಿಮಾ ಕಂಪನಿಗಳು ಪೂರ್ಣ ನಷ್ಟವೆಂದು ಪರಿಹಾರ ಕೊಟ್ಟ ವಾಹನಗಳು ಹರಾಜಾಗಿ, ತೊಳೆದು ಒರೆಸಿಕೊಂಡು ಮತ್ತೆ ಮಾರುಕಟ್ಟೆಗೆ ಬರುವುದುಂಟು. ವಿಮೆಯ ಹಿಂದಿನ ಕ್ಲೇಮುಗಳ ವಿವರವನ್ನೂ, ಅಧಿಕೃತ ಸರ್ವಿಸ್ ಕೇಂದ್ರದ ದಾಖಲೆಯನ್ನೂ ಕೇಳಿ ಪಡೆಯುವುದು ಇದೇ ಕಾರಣಕ್ಕೆ.

ಎಂಜಿನ್ ಮತ್ತು ದೂರ

ಎಂಜಿನ್ನಿನ ವಿಷಯದಲ್ಲಿ ಮಾದರಿಗಿಂತ ತಯಾರಾದ ವರ್ಷ ಮುಖ್ಯ. 2008ರವರೆಗಿನ ಬಾಕ್ಸ್‌ಸ್ಟರ್ ಎಂಜಿನ್ನುಗಳಲ್ಲಿ ಒಳಗಿನ ನಡುದಂಡದ ಬೇರಿಂಗ್ ಮುರಿದು ಎಂಜಿನ್ನೇ ಹಾಳಾಗುವ ಅಪಾಯವಿತ್ತು. 2009ರ ಮಾದರಿಯ ಹೊಸ ಎಂಜಿನ್ನಿನಲ್ಲಿ ಆ ದಂಡವನ್ನೇ ಕೈಬಿಡಲಾಯಿತು. ಎಸ್‌ಎಲ್‌ಕೆ 350ರ ಆರಂಭದ ವರ್ಷಗಳ ಆರು ಸಿಲಿಂಡರಿನ ಎಂಜಿನ್ನುಗಳಲ್ಲಿ ಬ್ಯಾಲೆನ್ಸ್ ಶಾಫ್ಟಿನ ಹಲ್ಲುಗಳು ಸವೆಯುತ್ತಿದ್ದವು. ದುರಸ್ತಿಗೆ ಎಂಜಿನ್ನನ್ನು ಹೊರತೆಗೆಯಲೇಬೇಕು. ಎಸ್‌ಎಲ್‌ಕೆ 200ರಲ್ಲಿ ಟೈಮಿಂಗ್ ಚೈನು ಉದ್ದವಾಗುವುದು ತಿಳಿದ ಸಂಗತಿ; ತಣ್ಣಗಿನ ಎಂಜಿನ್ನನ್ನು ಚಾಲೂ ಮಾಡಿದ ಮೊದಲ ಕೆಲವು ಸೆಕೆಂಡುಗಳ ಕಟಕಟ ಸದ್ದಿನಲ್ಲಿ ಅದು ಕೇಳಿಸುತ್ತದೆ. ಖರೀದಿದಾರ ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಮತ್ತೊಂದು ದಿನ ಹೋಗಿ ನೋಡುವುದು ಲೇಸು.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಮೆಕ್ಯಾನಿಕ್‌ಗಳ ಕೈಚಳಕದ ಬಗ್ಗೆ ಸಂದೇಹವಿಲ್ಲ. ಬ್ರೇಕು, ಸಸ್ಪೆನ್ಷನ್, ಆಯಿಲ್ ಬದಲಾವಣೆ ಇಲ್ಲಿಯೇ ಆಗುತ್ತವೆ. ಆದರೆ ಛಾವಣಿಯ ನಿಯಂತ್ರಣ ಘಟಕದ ದೋಷ ಓದಲು ಆಯಾ ಕಂಪನಿಯ ಯಂತ್ರವೇ ಬೇಕಾಗಿ, ಕಾರನ್ನು ಬೆಂಗಳೂರಿಗೋ ಮಂಗಳೂರಿಗೋ ಕಳುಹಿಸಬೇಕಾಗಬಹುದು. ಬೆಂಗಳೂರು ಸುಮಾರು 300 ಕಿಲೋಮೀಟರ್. ಇಷ್ಟು ತಗ್ಗಾದ ಕಾರನ್ನು ಹಗ್ಗ ಕಟ್ಟಿ ಎಳೆಯಲಾಗದು, ಲಾರಿಯ ಮೇಲೆಯೇ ಸಾಗಿಸಬೇಕು. ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳ ಸಂಚಾರವನ್ನು ಜಿಲ್ಲಾಡಳಿತ ಹಲವು ಮಳೆಗಾಲಗಳಲ್ಲಿ ನಿರ್ಬಂಧಿಸಿರುವುದರಿಂದ ಮಂಗಳೂರಿನ ದಾರಿಯೂ ಸುತ್ತುದಾರಿಯಾದೀತು. ಸಾಗಾಟದ ಬಾಡಿಗೆಯನ್ನು ವರ್ಷಕ್ಕೆ ಒಮ್ಮೆಯಾದರೂ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ. ಜೆಡ್4ನ ಎರಡನೆಯ ತಲೆಮಾರಿನಲ್ಲಿ ಹೆಚ್ಚುವರಿ ಚಕ್ರವೇ ಇಲ್ಲ. ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರುಗಳನ್ನು ಕೊಡಲಾಗಿದೆ. ಟೈರಿನ ಪಕ್ಕದಲ್ಲಿ ಮುದ್ರಿಸಿದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2319 ಎಂದರೆ 2019ರ 23ನೆಯ ವಾರ.

ದೇಶದಲ್ಲಿ ಪೆಟ್ರೋಲಿಗೆ ಶೇ. 20ರಷ್ಟು ಎಥೆನಾಲ್ ಬೆರೆಸುವ ಗುರಿ 2025ರಲ್ಲಿ ಮುಟ್ಟಿದ ಮೇಲೆ ಹಳೆಯ ಕಾರುಗಳ ಇಂಧನ ಕೊಳವೆ, ರಬ್ಬರಿನ ಭಾಗಗಳ ಪ್ರಶ್ನೆಯೂ ಎದ್ದಿದೆ. ಎಥೆನಾಲ್ ತೇವವನ್ನು ಹೀರುವ ಗುಣವುಳ್ಳದ್ದು. ಇಂಧನ ಮುಚ್ಚಳದ ಒಳಭಾಗದಲ್ಲಿ ಅಥವಾ ಕೈಪಿಡಿಯಲ್ಲಿ ತಯಾರಕರು ಅನುಮತಿಸಿದ ಪ್ರಮಾಣವನ್ನು ನೋಡಿಕೊಳ್ಳಬೇಕು. ಮಳೆಗಾಲವಿಡೀ ಕಾರನ್ನು ನಿಲ್ಲಿಸಿಯೇ ಬಿಡುವ ಬದಲು ಆಗಾಗ್ಗೆ ಓಡಿಸಬೇಕು.

ತೆರಿಗೆಯ ಗಂಟು

ಹೊರ ರಾಜ್ಯದ ನೋಂದಣಿಯ ಕಾರುಗಳು ಅಗ್ಗವಾಗಿ ಕಾಣುವುದರ ಗುಟ್ಟು ಇಲ್ಲಿದೆ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗೆ ಮೀರಿದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ. 18, ಅದರ ಮೇಲೆ ಉಪಕರ ಬೇರೆ. 70 ಲಕ್ಷದ ಕಾರಿಗೆ ತೆರಿಗೆಯೇ 12.6 ಲಕ್ಷ. ಬೇರೆ ರಾಜ್ಯದಿಂದ ಬಂದ ಹಳೆಯ ಕಾರಿಗೆ ವಯಸ್ಸಿನ ಪ್ರಕಾರ ರಿಯಾಯಿತಿ ಇದೆಯಾದರೂ, ಲೆಕ್ಕ ಆರಂಭವಾಗುವುದು ಕಾರಿನ ಮೂಲ ಬೆಲೆಯಿಂದ. ಖರೀದಿದಾರ ಚೌಕಾಶಿ ಮಾಡಿ ಕೊಟ್ಟ ಬೆಲೆಯಿಂದಲ್ಲ. ಹಿಂದಿನ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗವನ್ನು ಮರಳಿ ಪಡೆಯಲು ಅರ್ಜಿ ಸಲ್ಲಿಸಬಹುದು; ಆದರೆ ಆ ಹಣವನ್ನು ನಂಬಿ ಖರೀದಿಯ ಬಂಡವಾಳ ಹೊಂದಿಸುವುದು ತರವಲ್ಲ.

ಹೊರಗಿನ ಸಂಖ್ಯೆಯಲ್ಲಿಯೇ ಓಡಿಸಿಕೊಂಡಿರುವ ಯೋಚನೆ ಈಗ ದುಬಾರಿಯಾದುದು. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಒಂದೇ ದಿನ ಸುಮಾರು 30 ಐಷಾರಾಮಿ ಕಾರುಗಳನ್ನು ತೆರಿಗೆ ಬಾಕಿಗಾಗಿ ವಶಪಡಿಸಿಕೊಂಡಿತು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರದ ನೋಂದಣಿಯಿದ್ದ ಫೆರಾರಿ ಕಾರೊಂದರಿಂದ 1.4 ಕೋಟಿ ರೂಪಾಯಿಗೂ ಹೆಚ್ಚಿನ ತೆರಿಗೆ ವಸೂಲಾಯಿತು.

ಹದಿನೈದು ವರ್ಷ ಸಮೀಪಿಸಿದ ಕಾರಿಗೆ ಇನ್ನೊಂದು ಬಾಬತ್ತು ಸೇರಿಸಿಕೊಳ್ಳಬೇಕು. ಈ ವರ್ಗದ ಕಾರುಗಳು ಬಹುತೇಕ ಪೂರ್ಣ ತಯಾರಾಗಿಯೇ ಹೊರದೇಶದಿಂದ ಬಂದವು. ಆಮದಾದ ನಾಲ್ಕು ಚಕ್ರದ ವಾಹನದ ನೋಂದಣಿ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಿಂದ 40,000 ರೂಪಾಯಿಗೆ ಏರಿಸಲಾಯಿತು. ಇಪ್ಪತ್ತು ವರ್ಷ ಮೀರಿದವಕ್ಕೆ 2025ರ ಆಗಸ್ಟ್‌ನಲ್ಲಿ ಅದನ್ನು 80,000 ಮಾಡಲಾಯಿತು.

ಕಾಗದಪತ್ರಗಳು

ವಾಹನ್ ಜಾಲತಾಣದಲ್ಲಿ ನೋಂದಣಿ, ಸಾಲದ ನಮೂದು, ವಿಮೆಯ ಅವಧಿಯನ್ನು ನೋಡುವುದು ಕೆಲವೇ ನಿಮಿಷದ ಕೆಲಸ. ಸಂಚಾರ ದಂಡದ ಬಾಕಿಯನ್ನೂ ಅದೇ ವೇಳೆ ವಿಚಾರಿಸಿಕೊಳ್ಳಬೇಕು. ವರ್ಗಾವಣೆಗೆ ನಮೂನೆ 29 ಮತ್ತು 30, ಸಾಲವಿದ್ದರೆ ನಮೂನೆ 35, ಹೊರ ರಾಜ್ಯದ್ದಾದರೆ ನಿರಾಕ್ಷೇಪಣೆಗೆ ನಮೂನೆ 28 ಬೇಕು. 2023ರ ಏಪ್ರಿಲ್‌ನಿಂದ ಹಳೆಯ ವಾಹನಗಳ ಡೀಲರುಗಳು ಸಾರಿಗೆ ಇಲಾಖೆಯ ಅಧಿಕಾರ ಪತ್ರ ಪಡೆಯುವ ವ್ಯವಸ್ಥೆ ಬಂದಿದೆ. ಆ ಪತ್ರ ತೋರಿಸಲು ಹಿಂಜರಿಯುವವರಲ್ಲಿ ವ್ಯವಹರಿಸದಿರುವುದು ಒಳಿತು.

ಮಾರುವವರಿಗೂ ಇದು ಅಷ್ಟೇ ಗಂಭೀರ. ತಾರೀಖಿಲ್ಲದ ನಮೂನೆಗಳಿಗೆ ಸಹಿ ಹಾಕಿ, ಹಣ ಎಣಿಸಿಕೊಂಡು ಮರೆತುಬಿಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಕಾರು ಎಷ್ಟು ಕೈ ಬದಲಾಗಿದ್ದರೂ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆಗಾರರೆಂದು ಸರ್ವೋಚ್ಚ ನ್ಯಾಯಾಲಯ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ತೀರ್ಪು ನೀಡಿದೆ. ಕೊಳ್ಳುವವರು ವಿಮೆಯನ್ನು ತಮ್ಮ ಹೆಸರಿಗೆ ಬದಲಿಸಲು 14 ದಿನಗಳೊಳಗೆ ಅರ್ಜಿ ಕೊಡಬೇಕು. ಮೂರನೆಯವರ ವಿಮೆ ತಾನಾಗಿ ವರ್ಗವಾದರೂ, ಸ್ವಂತ ವಾಹನದ ಹಾನಿಯ ವಿಮೆ ಹಾಗೆ ವರ್ಗವಾಗುವುದಿಲ್ಲ.

ಸಂಸ್ಥೆಯ ಹೆಸರಿನಲ್ಲಿ ಕೊಳ್ಳಬೇಕೇ ಎಂಬುದು ವರ್ತಕರ ಸಹಜ ಪ್ರಶ್ನೆ. ಹದಿಮೂರು ಆಸನಗಳೊಳಗಿನ ಪ್ರಯಾಣಿಕ ವಾಹನಕ್ಕೆ ಕೊಟ್ಟ ಜಿಎಸ್‌ಟಿಯ ಹೂಡುವಳಿ ತೆರಿಗೆ ಜಮೆ ಸಾಮಾನ್ಯ ವ್ಯಾಪಾರಿಗೆ ಸಿಗದು. ಆದಾಯ ತೆರಿಗೆಯಲ್ಲಿ ಸವಕಳಿ ಕೇಳಬಹುದಾದರೂ, ಎರಡು ಆಸನದ ಕಾರಿನಿಂದ ಅಡಿಕೆ ವ್ಯಾಪಾರಕ್ಕೆ ಆದ ಅನುಕೂಲವೇನೆಂದು ಅಧಿಕಾರಿ ಪ್ರಶ್ನಿಸಿದರೆ ಉತ್ತರ ಹೊಂದಿಸುವುದು ಸುಲಭವಲ್ಲ. ಮುಂದೆ ಮಾರುವಾಗಲೂ ವ್ಯತ್ಯಾಸವಿದೆ. 2025ರ ಜನವರಿಯಿಂದ ಜಿಎಸ್‌ಟಿ ನೋಂದಾಯಿತ ಸಂಸ್ಥೆ ತನ್ನ ಹಳೆಯ ಕಾರನ್ನು ಮಾರಿದರೆ ಲಾಭಾಂಶದ ಮೇಲೆ ಶೇ. 18 ತೆರಿಗೆ. 30 ಲಕ್ಷಕ್ಕೆ ಕೊಂಡು, 9 ಲಕ್ಷ ಸವಕಳಿ ಪಡೆದು, 24 ಲಕ್ಷಕ್ಕೆ ಮಾರಿದರೆ ಕೈಯಿಂದ 6 ಲಕ್ಷ ಹೋಗಿದ್ದರೂ ಪುಸ್ತಕದ ಪ್ರಕಾರ 3 ಲಕ್ಷ ಲಾಭ; ತೆರಿಗೆ 54,000 ರೂಪಾಯಿ. 21 ಲಕ್ಷಕ್ಕೆ ಅಥವಾ ಅದಕ್ಕೂ ಕಡಿಮೆಗೆ ಮಾರಿದರೆ ಈ ತೆರಿಗೆ ಇಲ್ಲ. ನೋಂದಣಿಯಿಲ್ಲದ ವ್ಯಕ್ತಿ ತನ್ನ ಸ್ವಂತ ಕಾರನ್ನು ಮತ್ತೊಬ್ಬರಿಗೆ ಮಾರುವಾಗ ಜಿಎಸ್‌ಟಿಯ ಪ್ರಶ್ನೆಯೇ ಬರುವುದಿಲ್ಲ.