ವ್ಯಸನಮುಕ್ತಿಗೆ ಸತ್ಸಂಗ
ಶರಣ ಹೆಂಡದ ಮಾರಯ್ಯನವರು ಹೆಂಡ ಮಾರುವ ಕಾಯಕದಲ್ಲಿದ್ದೂ ಕುಡಿಯಬಂದವರಿಗೆ ಕುಡಿತದ ಕೇಡನ್ನೇ ತಿಳುಹುತ್ತಿದ್ದರೆಂದು ಪ್ರತೀತಿ. ಹಳಿಯುವುದರಿಂದ ವ್ಯಸನವಳಿಯದು, ಸತ್ಸಂಗದಿಂದ ಅಳಿದೀತು. 1935ರಲ್ಲಿ ಅಮೆರಿಕೆಯ ಇಬ್ಬರು ಮದ್ಯವ್ಯಸನಿಗಳಿಂದ ಮೊದಲಾದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಕೂಟದ ಮರ್ಮವೂ ಇದೇ. ಅಲ್ಲಿ ಶುಲ್ಕವಿಲ್ಲ, ಹೆಸರನ್ನು ಹೊರಗೆ ಹೇಳುವುದಿಲ್ಲ. ಕುಡಿತವನ್ನು ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ಬಿಟ್ಟವನು ಬಿಡಬಯಸುವವನಿಗೆ ತನ್ನ ಅನುಭವವನ್ನು ಅರುಹುತ್ತಾನೆ. ಇದೂ ಒಂದು ಅನುಭವಗೋಷ್ಠಿಯೇ ಸರಿ.

ಮಂಡ್ಯ, ಮದ್ದೂರು, ಮಳವಳ್ಳಿಗಳ ಭಕ್ತರು ಸಮೀಪದ ಕೂಟವು ಎಲ್ಲಿ, ಯಾವ ದಿನ ಸೇರುವುದೆಂಬುದನ್ನು ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮನೋವೈದ್ಯರಲ್ಲಾಗಲಿ, 14446 ಎಂಬ ಉಚಿತ ದೂರವಾಣಿಯಲ್ಲಾಗಲಿ ವಿಚಾರಿಸತಕ್ಕದ್ದು. ಬಹುಕಾಲ ನಿತ್ಯವೂ ಕುಡಿದವರು ವೈದ್ಯರನ್ನು ಕೇಳದೆ ಹಠಾತ್ತನೆ ಬಿಡಬಾರದು. ನಡುಕ, ಅಪಸ್ಮಾರ, ಪ್ರಾಣಾಪಾಯಗಳೂ ಉಂಟಾಗಬಹುದು. ಮನೆಯವರು ಲಜ್ಜೆಯಿಂದ ಮರೆಮಾಡದೆ, ಮೊದಲ ದಿನ ಕೂಟದ ಬಾಗಿಲವರೆಗಾದರೂ ಜೊತೆಯಲ್ಲಿ ನಡೆಯಲಿ. ಅದೂ ದಾಸೋಹವೇ.